ಹೊಸ ಕುದುರೆ ಬಿಡುತ್ತಿದ್ದ ಸಾವಕಾರರು

ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಸಾವಕಾರರು ಹೃದಯಾಘಾತದಿಂದ ತೀರಿಕೊಂಡರು. ಹುಕ್ಕೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಅವರು ಬಿಳಿ ಕುದುರೆಯ ಪಕ್ಕ ಎದೆ ಉಬ್ಬಿಸಿ ನಿಂತಿದ್ದರು. ಕೆಳಗೆ ‘ಕುದುರೆಗಳ ಮನಸ್ಸು ಅರಿತ ಮಹಾನುಭಾವ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಮಾತನಾಡಿದವರೆಲ್ಲ ಅದನ್ನೇ ಬೇರೆ ಬೇರೆ ರಾಗದಲ್ಲಿ ಹೇಳಿದರು. ಒಬ್ಬರು, ಕುದುರೆಗಳು ಅವರ ಮಾತು ಕೇಳುತ್ತಿದ್ದವು ಎಂದರು. ಇನ್ನೊಬ್ಬರು ಕಣ್ಣೊರೆಸಿಕೊಂಡು, ಅವರು ಹೋದ ದಿನ ಕುದುರೆಗಳು ಮೇವು ಮುಟ್ಟಲಿಲ್ಲ ಎಂದರು. ಮುಟ್ಟಲಿಲ್ಲ, ಅದು ಖರೆ. ಆ ದಿನದ ಗದ್ದಲದಲ್ಲಿ ಅವುಗಳಿಗೆ ಯಾರೂ ಮೇವು ಹಾಕಿರಲಿಲ್ಲ.

ನನ್ನನ್ನೂ ಮೈಕಿಗೆ ಕರೆದರು. ನಾನು ಪಶುವೈದ್ಯೆ. ಹುಕ್ಕೇರಿ ಕಡೆ ಕೆಲವು ವರ್ಷ ಇದ್ದು, ಆಮೇಲೆ ಮೂಡಲಗಿಗೆ ಹೋದವಳು. ಸಾವಕಾರರ ಕುದುರೆಗಳಿಗೆ ಔಷಧ ಕೊಟ್ಟಿದ್ದೇನೆ, ಆ ಕುದುರೆಗಳಿಗೆ ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಕೆಳಗಿಳಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಸುಳ್ಳು ಆಡಬಾರದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುತ್ತಿಲ್ಲ. ಅದು ಅವರ ಹೆಂಡತಿಯ ಮೇಲಿನ ಗೌರವಕ್ಕೆ.

ಕಬ್ಬು ಸಾಗಿಸುವ ಗುತ್ತಿಗೆಯಲ್ಲಿ ದೊಡ್ಡವರಾದವರು ಅವರು. ಸಂಕೇಶ್ವರದಲ್ಲಿ ಅವರ ಬೀಗರೊಬ್ಬರು ಶರ್ಯತ್ತಿನ ಓಟದ ಎತ್ತು ಸಾಕಿ ಹೆಸರು ಮಾಡಿದ್ದರು. ಇವರಿಗೆ ಎತ್ತಿಗಿಂತ ಎತ್ತರದ್ದು ಏನಾದರೂ ಬೇಕಾಯಿತು. ಹೀಗೆ ಐವತ್ತು ದಾಟಿದ ಮೇಲೆ ಅವರಿಗೆ ಕುದುರೆಗಳ ಮೇಲೆ ಜನ್ಮಜನ್ಮಾಂತರದ ಪ್ರೀತಿ ಹುಟ್ಟಿತು. ಹಿಡಕಲ್ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಅವರ ಹೊಲವಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಲ್ಲಿ ಹುಲ್ಲು ಚೆನ್ನಾಗಿ ಬರುತ್ತಿತ್ತು. ಅದಕ್ಕೆ ಮುಳ್ಳುತಂತಿಯ ಬೇಲಿ ಹಾಕಿಸಿ, ಕಬ್ಬಿಣದ ಗೇಟು ಇಡಿಸಿ, ಕಾಠೇವಾಡಿ ತಳಿ, ಮಾರವಾಡಿ ತಳಿ ಅಂತ ಸಿಕ್ಕಿದ್ದನ್ನೆಲ್ಲ ತಂದು ತುಂಬಿದರು.

ತಲೆಗೆ ಕೊಲ್ಲಾಪುರದ ಫೇಟಾ, ಕಾಲಿಗೆ ಮೊಣಕಾಲುದ್ದದ ಬೂಟು, ಮೈಗೆ ಮೂಗು ಕಟ್ಟುವಷ್ಟು ಅತ್ತರು. ಕುದುರೆಯ ಹತ್ತಿರ ಹೋದವರೇ ಅದರ ಕುತ್ತಿಗೆಗೆ ಅಂಗೈಯಿಂದ ಫಟ್ ಫಟ್ ಎಂದು ಬಡಿಯುತ್ತಿದ್ದರು. ಅದು ಮುಖ ತಿರುಗಿಸಿದರೆ, “ನಾಚತೈತಿ ನೋಡ್ರಿ” ಎನ್ನುತ್ತಿದ್ದರು. ಅವರು ಕುದುರೆ ಏರಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕೇಳಿದವರಿಗೆ ಬೆನ್ನುನೋವು ಎಂದು ಹೇಳುತ್ತಿದ್ದರು. ಆ ಬೆನ್ನುನೋವು ಜೀಪು ಏರುವಾಗ, ಮದುವೆಗಳಲ್ಲಿ ಕುಣಿಯುವಾಗ ಬರುತ್ತಿರಲಿಲ್ಲ.

ಅವರದೊಂದು ಮಾತಿತ್ತು. ಬಂದವರಿಗೆಲ್ಲ ಹೇಳುತ್ತಿದ್ದರು: “ಕುದುರಿ ಆತು, ಮಂದಿ ಆತು, ಹೊಸದು ಮದಲನೇ ದಿನ ಅಂಜಬೇಕ್ರಿ. ಅಂಜಿದ್ದು ಕಡೀತನಕ ನೆಟ್ಟಗಿರತೈತಿ.” ಇದನ್ನು ಅವರು ಮಂದಿಯ ಮೇಲೂ ಪ್ರಯೋಗಿಸುತ್ತಿದ್ದರು. ಒಮ್ಮೆ ಮೂಡಲಗಿ ಕಡೆಯ ಒಬ್ಬ ಹೊಸ ಟ್ರ್ಯಾಕ್ಟರ್ ಡ್ರೈವರ್ ಬಂದ. ಕೆಲಸಕ್ಕೆ ಬಂದ ಮುಂಜಾನೆಯೇ ಅವನಿಂದ ಎರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಹೊಡೆಸಿದರು. ಹಳೆಯ ಡ್ರೈವರುಗಳನ್ನು ನಾಲ್ಕೂ ಕಡೆ ನಿಲ್ಲಿಸಿ, ಒಬ್ಬ ಎಡಕ್ಕೆ ಎಂದರೆ ಇನ್ನೊಬ್ಬ ಬಲಕ್ಕೆ ಎನ್ನುವಂತೆ ಮೊದಲೇ ಹೇಳಿಕೊಟ್ಟಿದ್ದರು. ಕುರ್ಚಿ ಹಾಕಿಕೊಂಡು ಕೂತ ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಡ್ರೈವರು ಊಟದ ಹೊತ್ತಿಗೆ ಟ್ರ್ಯಾಕ್ಟರನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಕೀಲಿ ಕಿಸೆಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಅತಿಥಿಗಳ ಕಾರುಗಳು ಸಂಜೆಯವರೆಗೆ ಒಳಗೇ ಉಳಿದವು. ಸಾವಕಾರರು ಈ ಕತೆಯನ್ನೂ ತಮ್ಮ ಜಾಣತನಕ್ಕೆ ಸಾಕ್ಷಿಯೆಂದೇ ಹೇಳುತ್ತಿದ್ದರು. ಆತ ಕಳ್ಳನೆಂದು ತಮಗೆ ಮೊದಲ ದಿನವೇ ತಿಳಿಯಿತಂತೆ.

ಹೊಸ ಕುದುರೆ ಬಂದ ದಿನವಂತೂ ಅಲ್ಲಿ ಜಾತ್ರೆಯಷ್ಟು ಮಂದಿ. ಮೊದಲೇ ಸುತ್ತಲಿನ ಊರುಗಳಿಗೆ ಸುದ್ದಿ ಕಳಿಸುತ್ತಿದ್ದರು. ಬೇಲಿಯ ಹೊರಗೆ ಶಾಮಿಯಾನ, ಅದರಡಿ ಗಾದಿ, ಚಹಾ, ಗೋಕಾಕದಿಂದ ತರಿಸಿದ ಕರದಂಟು. ಮೊಬೈಲ್ ಹಿಡಿದು ವಿಡಿಯೊ ಮಾಡುವ ಕೆಲಸ ಅವರ ಮಗನದು. ಆಗಲೇ ಮೂವತ್ತು ದಾಟಿದ್ದ ಅವನಿಗೆ ಅಪ್ಪ ಒಪ್ಪಿಸಿದ್ದ ಜವಾಬ್ದಾರಿ ಅದೊಂದೇ. ಎಲ್ಲರೂ ಕೂತ ಮೇಲೆ ಸಾವಕಾರರು ಕೈ ಎತ್ತುತ್ತಿದ್ದರು. ಆಳುಗಳು ಗೇಟು ತೆಗೆದು, ಹೊಸ ಕುದುರೆಯನ್ನು ಹಿಂದಿನಿಂದ ಹೊಡೆದು ಹಿಂಡಿನ ನಡುವೆ ನೂಕುತ್ತಿದ್ದರು.

ನಾನು ನೋಡಿದ ಮೊದಲ ಸಲ ಹಾಗೆ ಒಳಗೆ ಹೋದದ್ದು ಒಂದು ಕಂದು ಬಣ್ಣದ ಎಳೆಯ ಕುದುರೆ. ಲಾರಿಯಿಂದ ಇಳಿದು ನೀರು ಸಹ ಕುಡಿದಿರಲಿಲ್ಲ. ಆ ಹಿಂಡಿಗೆ ಹಿರಿಯಳು ರಾಣಿ ಎಂಬ ಬೂದು ಬಣ್ಣದ ಹೆಣ್ಣುಗುದುರೆ. ಅದು ಕಿವಿಗಳನ್ನು ಹಿಂದಕ್ಕೆ ಒತ್ತಿ, ಕುತ್ತಿಗೆ ಕೆಳಗೆ ಮಾಡಿ ಹೊಸದರ ಮೇಲೆ ಹೋಯಿತು. ಉಳಿದವು ಅದರ ಬೆನ್ನಿಗೆ ಬಂದವು. ಕಚ್ಚಿದವು, ಹಿಂಗಾಲು ಝಾಡಿಸಿದವು, ಬೇಲಿಯುದ್ದಕ್ಕೂ ಓಡಿಸಿದವು. ಆ ಎಳೆಯದು ಕಡೆಗೆ ಬೆವರು ಸುರಿಸುತ್ತ, ಬೆನ್ನಿನ ಚರ್ಮ ಕಿತ್ತುಕೊಂಡು ಒಂದು ಕಡೆ ನಡುಗುತ್ತ ನಿಂತಿತು. ಸಾವಕಾರರು ಮೊಬೈಲ್ ಕಡೆ ಮುಖ ಮಾಡಿ, ಪ್ರಕೃತಿಯ ನಿಯಮ, ಗಂಡಸುತನ, ರಾಜಮನೆತನ ಎಂದೆಲ್ಲ ಮಾತಾಡುತ್ತಿದ್ದರು. ರಾಣಿ ಹೆಣ್ಣು ಎಂಬುದು ಅವರ ಗಮನಕ್ಕೆ ಬಂದಂತಿರಲಿಲ್ಲ.

ಗಾಯಕ್ಕೆ ಹೊಲಿಗೆ ಹಾಕಿದ ಮೇಲೆ ನಾನು ಅವರಿಗೆ ತಿಳಿಸಿ ಹೇಳಿದೆ. ಹೊಸದನ್ನು ಮೊದಲು ಕೆಲವು ವಾರ ದೂರ ಕಟ್ಟಬೇಕು, ಅದರಲ್ಲಿ ರೋಗವಿದ್ದರೆ ಆಗ ತಿಳಿಯುತ್ತದೆ. ಆಮೇಲೆ ಗಟ್ಟಿ ಅಡ್ಡಗೋಲಿನ ಬೇಲಿಯ ಆಚೆ ಈಚೆ ಬಿಡಬೇಕು, ಮೂಸಿ ನೋಡಲಿ, ಕೆನೆಯಲಿ, ಸಿಟ್ಟಿದ್ದರೆ ಅಲ್ಲೇ ತೀರಲಿ. ಹಿಂಡಿನಲ್ಲಿ ಸೌಮ್ಯವಾದ ಒಂದನ್ನು ತಂದು ಹೊಸದರ ಜೋಡಿ ಹಾಕಬೇಕು. ಸ್ನೇಹವಾದ ಮೇಲೆ ಎರಡನ್ನೂ ಕೂಡಿಯೇ ಒಳಗೆ ಬಿಡಬೇಕು. ಮೂಲೆಗಳಿಲ್ಲದ ಬಯಲು ಬೇಕು, ಮೇವನ್ನು ನಾಲ್ಕಾರು ಕಡೆ ದೂರ ದೂರ ಹಾಕಬೇಕು, ಹಿಂಗಾಲಿನ ಲಾಳ ತೆಗೆಸಬೇಕು. ಆಗಲೂ ಒಂದಿಷ್ಟು ಅಟ್ಟಾಡಿಸುತ್ತವೆ, ಆದರೆ ಓಡಿಹೋಗಲು ಹೊಸದಕ್ಕೆ ಜಾಗ ಇರುತ್ತದೆ.

ಅವರು ಪೂರ್ತಿ ಕೇಳಿದರು. ಆಮೇಲೆ ಅತಿಥಿಗಳ ಕಡೆ ತಿರುಗಿ, “ಡಾಕ್ಟರ್ ಬಾಯಿ ಕುದುರಿಗೆ ಕನ್ಯಾ ತೋರಸೂ ಕಾರ್ಯಕ್ರಮ ಇಟಗೊಂಡಾರ್ರಿ” ಎಂದರು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಇನ್ನೂ ರಕ್ತ ಇತ್ತು. ತೊಳೆದುಕೊಳ್ಳಲು ಅವರ ಹೆಂಡತಿ ಒಂದು ಚೊಂಬು ನೀರು ತಂದು ಕೊಟ್ಟರು. ಅವರೊಬ್ಬರೇ ನಕ್ಕಿರಲಿಲ್ಲ.

ಮರುವರ್ಷ ಕಲ್ಲೋಳಿಯ ಸಿದ್ದವ್ವನ ಕುದುರೆ ಬಂತು. ಸಿದ್ದವ್ವನ ಗಂಡ ಒಂದು ಕಾಲಕ್ಕೆ ಕುದುರೆ ಗಾಡಿ ಶರ್ಯತ್ತು ಓಡಿಸುತ್ತಿದ್ದವರು. ಲಕ್ವ ಹೊಡೆದು ಮಲಗಿದ ಮೇಲೆ ಕುದುರೆ ನೋಡಿಕೊಳ್ಳಲು ಆಗದೆ ಅದನ್ನು ಸಾವಕಾರರಿಗೆ ಮಾರಿದ್ದರು. ಚಂದ್ರಿ ಎಂಬ ಆ ಹೆಣ್ಣುಗುದುರೆಯ ಮೈ ಕಪ್ಪು, ಹಣೆಯ ಮೇಲೆ ಬಿಳಿ ಚುಕ್ಕೆ. ಹಗ್ಗ ಹಿಡಿಯದಿದ್ದರೂ ಅದು ಸಿದ್ದವ್ವನ ಹಿಂದೆ ನಡೆಯುತ್ತಿತ್ತು. ಸಿದ್ದವ್ವ ಅದನ್ನು ತಾನೇ ಟೆಂಪೊದಲ್ಲಿ ನಿಂತು ಕರೆತಂದಿದ್ದಳು. ಸಾವಕಾರರ ಮುಂದೆ ಸೆರಗು ಸರಿಮಾಡಿಕೊಂಡು, ಒಂದು ಮಾತು ಹೇಳುವುದಿದೆ ಎಂದಳು.

“ಸಾವಕಾರ್ರ, ಇದು ತನ್ನ ಜಾತಿ ಮುಖ ನೋಡಿಲ್ರಿ. ಮರಿ ಇದ್ದಾಗನ ತಾಯಿ ಸತ್ತು, ನಮ್ಮನಿ ಎಮ್ಮಿ ಜೋಡಿ ಬೆಳದೈತಿ. ನಾಕ ದಿನ ಬ್ಯಾರೆ ಕಟ್ರಿ. ಎಲ್ಲಾದರ ನಡುವ ಒಮ್ಮೆಲೆ ಬಿಡಬ್ಯಾಡ್ರಿ.”

ನಾನೂ ಅಲ್ಲೇ ಇದ್ದೆ. ಸಿದ್ದವ್ವ ಹೇಳುವುದು ಸರಿಯಿದೆ, ಇಂದು ಬಿಡುವುದು ಬೇಡವೇ ಬೇಡ ಎಂದೆ. ಆದರೆ ಆ ದಿನ ಕೊಲ್ಲಾಪುರದಿಂದ ದೊಡ್ಡ ಮಂದಿ ಬಂದಿದ್ದರು, ಮಗ ಮೊಬೈಲಿನಲ್ಲಿ ನೇರಪ್ರಸಾರ ಶುರು ಮಾಡಿಬಿಟ್ಟಿದ್ದ. ಸಾವಕಾರರು, ಎಮ್ಮೆಯ ಸಹವಾಸ ಬಿಡಿಸಿ ಕುದುರೆ ಮಾಡುವುದು ಹೇಗೆಂದು ಇವತ್ತು ತೋರಿಸುತ್ತೇನೆ ಎಂದು ಹೇಳಿ ಕೈ ಎತ್ತಿದರು.

ಚಂದ್ರಿಗೆ ಜಗಳವೇ ಗೊತ್ತಿರಲಿಲ್ಲ. ರಾಣಿ ಕಿವಿ ಒತ್ತಿಕೊಂಡು ಬಂದಾಗ ಬೇರೆ ಕುದುರೆಯಾದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತದೆ. ಇದು ಎಮ್ಮೆಯ ಹತ್ತಿರ ಹೋದಂತೆ ನೇರವಾಗಿ ಅದರ ಮೂತಿಗೆ ಮೂತಿ ಒಯ್ದಿತು. ರಾಣಿ ತಿರುಗಿ ಎರಡೂ ಕಾಲಿನಿಂದ ಒದ್ದಿತು. ಆಮೇಲೆ ಇಡೀ ಹಿಂಡು ಅದನ್ನು ಅಟ್ಟಿಸಿಕೊಂಡು ಹೋಯಿತು. ಪಂಪಿನ ಮನೆಯ ಗೋಡೆ ಮತ್ತು ಮುಳ್ಳುತಂತಿ ಕೂಡುವ ಮೂಲೆಗೆ ಸಿಕ್ಕಿಬಿದ್ದ ಚಂದ್ರಿ ಹಾರಲು ನೋಡಿ, ತಂತಿಯ ಮೇಲೆ ಎದೆಕೊಟ್ಟು ಬಿದ್ದಿತು. ಸಿದ್ದವ್ವ ಬೇಲಿ ಹಿಡಿದುಕೊಂಡು ಅದರ ಹೆಸರು ಕೂಗುತ್ತಿದ್ದಳು.

ಇಲ್ಲಿ ಸಾವಕಾರರಿಗೆ ಏನನ್ನಿಸಿತೋ, ಅತಿಥಿಗಳೆದುರು ಹಿಂಡನ್ನು ತಾವೇ ಚದುರಿಸುವುದಾಗಿ ಚಾವಟಿ ಹಿಡಿದು ಒಳಗೆ ನುಗ್ಗಿದರು. ಚಾವಟಿ ಒಮ್ಮೆ ಛಟೀರೆಂದಿತು. ಹೆದರಿದ ಹಿಂಡು ಅವರಿಂದ ದೂರ ಓಡುವ ಬದಲು, ಅವರು ನಿಂತ ಕಡೆಗೇ ತಿರುಗಿತು. ಸಾವಕಾರರು ಚಾವಟಿ ಎಸೆದರು. ಫೇಟಾ ತಾನಾಗಿ ಬಿತ್ತು. ಪಂಪಿನ ಮನೆಯ ಪಕ್ಕದ ನೀರಿನ ಟಾಕಿಗೆ ಇದ್ದ ಕಬ್ಬಿಣದ ಏಣಿಯನ್ನು, ಆ ಬೆನ್ನುನೋವಿನ ಮನುಷ್ಯ, ಕೋತಿ ನಾಚುವಂತೆ ಏರಿದರು. ಮೇಲೆ ಕೂತು ಎರಡೂ ಕೈಯಿಂದ ಪೈಪು ಅಪ್ಪಿಕೊಂಡು, ಕುದುರೆಗಳನ್ನು ಕಟ್ಟಿರೆಂದು ಆಳುಗಳಿಗೆ ಅರಚಿದರು. ಕುದುರೆಗಳು ಅಷ್ಟರಲ್ಲಿ ದೂರ ಹೋಗಿ ಹುಲ್ಲು ಮೇಯುತ್ತಿದ್ದವು. ಆದರೂ ಅವರು ಇಳಿಯಲಿಲ್ಲ. ಮಗ ಇದೆಲ್ಲವನ್ನೂ ಶ್ರದ್ಧೆಯಿಂದ ನೇರಪ್ರಸಾರ ಮಾಡುತ್ತಲೇ ಇದ್ದ. ನಿಲ್ಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾನೂ ಸಿದ್ದವ್ವನೂ ತಂತಿ ಕತ್ತರಿಸಿ ಚಂದ್ರಿಯನ್ನು ಬಿಡಿಸಿದೆವು. ಎಲುಬು ಮುರಿದಿರಲಿಲ್ಲ, ಎದೆಯ ಮಾಂಸ ಮಾತ್ರ ಒಂದು ಕಡೆ ಜೋತುಬಿದ್ದಿತ್ತು. ಅಲ್ಲೇ ಮಲಗಿಸಿ ಹೊಲಿಗೆ ಹಾಕಿದೆ. ಸಿದ್ದವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇಳಿದು ಬಂದ ಸಾವಕಾರರು ಫೇಟಾ ಕಟ್ಟಿಕೊಂಡು, ಮುಖ ತೊಳೆದುಕೊಂಡು, ಮಗನನ್ನು ಜೊತೆಗೆ ಕರೆದುಕೊಂಡು ಬಂದರು. ಕುದುರೆಯನ್ನು ನೋಡುವುದಕ್ಕಲ್ಲ. ಈ ಕುದುರೆಗೆ ಹುಚ್ಚು, ಮಾರಿದವರು ಮುಚ್ಚಿಟ್ಟಿದ್ದರು ಎಂದು ನಾನು ಮೊಬೈಲಿನ ಮುಂದೆ ಎರಡು ಮಾತು ಹೇಳಬೇಕಾಗಿತ್ತು. ಡಾಕ್ಟರ್ ಹೇಳಿದರೆ ಮಂದಿ ನಂಬುತ್ತಾರಂತೆ.

ನಾನು ಮೊಬೈಲ್ ಕಡೆ ನೋಡಿದೆ. “ಕುದುರಿ ಶಾಣ್ಯಾ ಐತ್ರಿ. ಬಿಡಬ್ಯಾಡ ಅಂದರೂ ಬಿಟ್ಟವರದು ತಪ್ಪು” ಎಂದೆ. ಅವರು ಮಗನ ಕೈಯಿಂದ ಮೊಬೈಲ್ ಕಸಿದುಕೊಂಡರು. ಸಿದ್ದವ್ವ ತಲೆ ಎತ್ತದೆ, ಮೆಲ್ಲಗೆ ಹೇಳಿದಳು: “ಹುಚ್ಚು ಕುದುರಿ ನಿಮಗ್ಯಾಕ್ರಿ? ನಾ ಒಯ್ತೇನಿ.”

ಒಯ್ದಳು, ತಗೊಂಡ ರೊಕ್ಕ ಮರಳಿಸಿ. ತಮ್ಮ ಕುದುರೆಯನ್ನು ಒಬ್ಬ ಹೆಣ್ಣುಮಗಳು ಮರಳಿ ಕೊಂಡೊಯ್ದಳು ಎಂಬ ಮಾತನ್ನು ಸಾವಕಾರರು ಮುಂದೆ, ಬಡವರೆಂದು ತಾವೇ ದಾನ ಕೊಟ್ಟೆವು ಎಂದು ತಿದ್ದಿಕೊಂಡರು. ಟಾಕಿ ಏರಿದ್ದನ್ನೂ ತಿದ್ದಿದರು: ಮೇಲಿನಿಂದ ಹಿಂಡಿನ ಚಲನೆ ಅಧ್ಯಯನ ಮಾಡುತ್ತಿದ್ದರಂತೆ.

ಆ ವರ್ಷವೇ ನಾನು ಮೂಡಲಗಿಗೆ ಹೋದೆ. ಅದು ನಾನೇ ಬೇಡಿ ಪಡೆದ ವರ್ಗ, ನನ್ನ ತಾಯಿಯ ಊರು ಅಲ್ಲಿಗೆ ಹತ್ತಿರ. ಸಾವಕಾರರು ಮಾತ್ರ, ಆ ಡಾಕ್ಟರ್ ಬಾಯಿಯನ್ನು ವರ್ಗ ಮಾಡಿಸಿ ತಾವೇ ಎತ್ತಿ ಒಗೆಸಿದೆವು ಎಂದು ಸಂಕೇಶ್ವರದವರೆಗೂ ಹೇಳಿಕೊಂಡು ಬಂದರು. ಯಾರೋ ಬಂದು ನನಗೆ ತಿಳಿಸಿದಾಗ ಸಿಟ್ಟು ಬರಲಿಲ್ಲ. ತಾವು ಮಾಡದ ಕೆಟ್ಟ ಕೆಲಸಕ್ಕೂ ಹೆಸರು ಬೇಕೆನ್ನುವ ಮನುಷ್ಯನ ಮೇಲೆ ಎಷ್ಟಂತ ಸಿಟ್ಟು ಮಾಡುವುದು? ಮೂಡಲಗಿಯಿಂದ ಕಲ್ಲೋಳಿಗೆ ಸ್ಕೂಟರಿನ ದಾರಿ. ಚಂದ್ರಿಯ ಗಾಯಕ್ಕೆ ಪಟ್ಟಿ ಬದಲಿಸಲು ಹೋಗುತ್ತಿದ್ದೆ. ಅದು ಮತ್ತೆ ಎಮ್ಮೆಯ ಪಕ್ಕದಲ್ಲೇ ನಿಂತಿರುತ್ತಿತ್ತು, ಎದೆಯ ಮೇಲೆ ಉದ್ದನೆಯ ಕಲೆ ಹೊತ್ತು.

ಕೆಲವು ವರ್ಷಗಳ ಮೇಲೆ ಒಂದು ದಿನ ಸಾವಕಾರರ ಫೋನು ಬಂತು. ಗುರುತು ಹೇಳಲಿಲ್ಲ, ನಮಸ್ಕಾರ ಹೇಳಲಿಲ್ಲ, ಬರಬೇಕೆಂದು ಮಾತ್ರ ಹೇಳಿದರು. ಹೋಗಿ ನೋಡಿದರೆ ಹಿಂಡಿನ ಅರ್ಧದಷ್ಟು ಕುದುರೆಗಳಿಗೆ ದವಡೆಯ ಕೆಳಗೆ ಬಾವು, ಮೂಗಿನಿಂದ ಕೀವು. ಯಾವುದೋ ಸಂತೆಯಿಂದ ತಂದದ್ದನ್ನು ಇಳಿಸಿದ ತಾಸಿನಲ್ಲೇ ಮಂದಿಯೆದುರು ಒಳಗೆ ನೂಕಿದ್ದರು. ಅದು ತಂದ ರೋಗ ಎಲ್ಲಕ್ಕೂ ಹಬ್ಬಿತ್ತು. ಒಂದು ಎಳೆಯ ಮರಿ ಉಸಿರು ಕಟ್ಟಿ ಆಗಲೇ ಸತ್ತಿತ್ತು. ನಾನು ಮೊದಲ ಸಲ ಹೊಲಿಗೆ ಹಾಕಿದ್ದ ಆ ಕಂದು ಬಣ್ಣದ ಕುದುರೆಯೂ ಅದೇ ವಾರ ಹೋಯಿತು. ನಾನು ಬಾವು ಕೊಯ್ದು ಕೀವು ತೆಗೆಯುವಾಗ ಸಾವಕಾರರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಏನೋ ಹೇಳಬೇಕೆಂದು ಒದ್ದಾಡುತ್ತಿದ್ದರು. ಅವರ ಬಾಯಿಂದ ಒಂದಾದರೂ ಪಶ್ಚಾತ್ತಾಪದ ಮಾತು ಬರಬಹುದೆಂದು ನಾನು ಕಾದೆ.

“ಹೊಸ ಕುದುರಿಯಿಂದ ಬಂತು ಅಂತ ಯಾರ ಮುಂದೂ ಅನಬ್ಯಾಡ್ರಿ” ಎಂದರು. “ಹಿನ್ನೀರಿನಿಂದ ಬಂತು ಅನ್ರಿ.”

ನಾನು ಅವರ ಬಾಯಿಂದ ಕೇಳಿದ ಕಡೆಯ ಮಾತು ಅದು.

ನುಡಿನಮನ ಮುಗಿದು ಮಂದಿ ಊಟಕ್ಕೆ ಕೂತಾಗ ಅವರ ಹೆಂಡತಿ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಇಷ್ಟು ವರ್ಷಗಳಲ್ಲಿ ಅವರು ನನ್ನೊಡನೆ ಹತ್ತು ಮಾತು ಆಡಿರಲಿಕ್ಕಿಲ್ಲ. ಸಾಯುವ ಮುಂಚೆ ಸಾವಕಾರರು ಎರಡು ಹೊಸ ಕುದುರೆ ತರಿಸಿದ್ದರು, ಅವು ಇನ್ನೂ ಮನೆಯ ಹಿಂದೆ ಕಟ್ಟಿದಲ್ಲೇ ಇದ್ದವು. ನಾಳೆ ಅಪ್ಪನ ನೆನಪಿಗಾಗಿ ಅವನ್ನು ಹಿಂಡಿಗೆ ಬಿಟ್ಟು ವಿಡಿಯೊ ಮಾಡಬೇಕೆಂದು ಮಗ ಊರೆಲ್ಲ ಹೇಳಿಬಿಟ್ಟಿದ್ದ. ಹೇಳುತ್ತ ಹೇಳುತ್ತ ಅವರು ತಮ್ಮ ಕೈ ನೋಡಿಕೊಂಡರು.

“ಅವರಿಗಿ ಕುದುರಿ ಅಂದ್ರ ಭಾಳ ಅಂಜಿಕಿರಿ” ಎಂದರು. “ಮದುವಿ ದಿನ ಕುದುರಿ ಮ್ಯಾಲ ಕೂಡಸಿದಾಗ ಅತ್ತಿದ್ರು. ಮಂದಿಗೆ ಗೊತ್ತಾಗಬಾರದಂತ ಜೀವಮಾನ ಹಿಂಗ ಮಾಡಿದ್ರು.”

ಒಂದು ಕ್ಷಣ ನನಗೆ ಆ ಮನುಷ್ಯನ ಮೇಲೆ ಮರುಕ ಬಂತು. ಒಂದೇ ಕ್ಷಣ. ಅಂಜುವ ಮಂದಿಯನ್ನು ನಾನು ದಿನಾ ನೋಡುತ್ತೇನೆ. ಎತ್ತಿಗೆ ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುವ ಗಟ್ಟಿ ರೈತರಿದ್ದಾರೆ. ಅವರು ಯಾರೂ ತಮ್ಮ ಅಂಜಿಕೆ ಮುಚ್ಚಲಿಕ್ಕೆಂದು ಇನ್ನೊಂದು ಜೀವವನ್ನು ಮುಂದೆ ನೂಕುವುದಿಲ್ಲ. ಆ ತಾಯಿಗೆ ಅದನ್ನು ಹೇಳಲಿಲ್ಲ. ಏನು ಮಾಡೋಣ ಅವ್ವಾರೆ ಎಂದು ಕೇಳಿದೆ.

ಅವರು ಹೊರಗೆ ಬಂದು, ಪಂಕ್ತಿಯ ನಡುವೆ ಮಗನ ಮುಂದೆ ನಿಂತು, ನಾಳೆ ಏನೂ ಇಲ್ಲ, ಡಾಕ್ಟರ್ ಬಾಯಾರು ಹೇಳಿದ ದಿನ ಗೇಟು ತೆಗೆಯುವುದು, ಮಂದಿ ಬರುವುದು ಬೇಡ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮಗ ಏನೋ ಅನ್ನಲು ಬಾಯಿ ತೆರೆದ. ಅವರು ಅವನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದರು.

ಆಮೇಲೆ ವಾರಕ್ಕೊಮ್ಮೆ ನಾನು ಅಲ್ಲಿಗೆ ಹೋದೆ. ಹೊಸವೆರಡನ್ನು ಬೇರೆ ಹೊಲದಲ್ಲಿ ಇಟ್ಟು ರೋಗವಿಲ್ಲವೆಂದು ನೋಡಿದೆವು. ಮುಳ್ಳುತಂತಿ ಕಿತ್ತು ಮರದ ಅಡ್ಡಗೋಲು ಹಾಕಿಸಿದೆವು. ಪಂಪಿನ ಮನೆಯ ಮೂಲೆಯನ್ನು ಕೋಲು ಕಟ್ಟಿ ಮುಚ್ಚಿಸಿದೆವು. ಹಿಂಡಿನ ಒಂದು ಮುದಿ ಕುದುರೆಯನ್ನು ಹೊಸವುಗಳ ಜೋಡಿ ಬಿಟ್ಟೆವು. ಅದು ಮೊದಲ ದಿನ ಗೊಣಗಿ, ಮೂರನೆಯ ದಿನಕ್ಕೆ ಅವುಗಳ ಬೆನ್ನು ಕೆರೆಯುತ್ತ ನಿಂತಿತು. ರಾಣಿ ಬೇಲಿಯ ಆಚೆ ದಿನಾ ಬಂದು ಮೂಸುತ್ತಿತ್ತು, ಕಿವಿ ಒತ್ತುತ್ತಿತ್ತು, ಹೋಗುತ್ತಿತ್ತು. ಕಡೆಗೆ ಸುಮ್ಮನೆ ಬಂದು ಸುಮ್ಮನೆ ಹೋಗತೊಡಗಿತು.

ಒಂದು ಮುಂಜಾನೆ ಬಯಲಿನ ಅಲ್ಲಲ್ಲಿ ಮೇವು ಹಾಕಿಸಿ, ಮೂರನ್ನೂ ಕೂಡಿಸಿ ಒಳಗೆ ಬಿಟ್ಟೆವು. ಗೇಟು ತೆಗೆದದ್ದು ಆ ತಾಯಿಯೇ. ರಾಣಿ ಒಂದು ಹೊಸ ಕುದುರೆಯನ್ನು ಸ್ವಲ್ಪ ದೂರ ಅಟ್ಟಿತು. ಅದು ಅಗಲವಾಗಿ ಸುತ್ತು ಹಾಕಿ ಮುದಿ ಕುದುರೆಯ ಮರೆಗೆ ಬಂದು ನಿಂತಿತು. ರಾಣಿ ಒಮ್ಮೆ ಬುಸುಗುಟ್ಟಿ, ತನ್ನ ಮೇವಿಗೆ ಮರಳಿತು. ಅಷ್ಟೇ.

ಮಗ ಅಡ್ಡಗೋಲಿಗೆ ಒರಗಿ ಮೊಬೈಲ್ ಹಿಡಿದಿದ್ದ. ಬಹಳ ಹೊತ್ತು ಕಾದು ಅದನ್ನು ಕಿಸೆಗೆ ಹಾಕಿಕೊಂಡ.

“ಏನೂ ಆಗಲಿಲ್ಲಲ್ಲ ಅವ್ವಾ” ಎಂದ ತಾಯಿಗೆ.

“ಏನೂ ಆಗಬಾರದಂತನ ಇಷ್ಟೆಲ್ಲಾ ಮಾಡೇವಲ್ಲೋ” ಎಂದರು ಅವರು.

ಬಿಸಿಲು ಏರಿದಾಗ ರಾಣಿ ನೀರಿಗೆ ಹೊರಟಿತು. ಉಳಿದವು ಅದರ ಹಿಂದೆ ಸಾಲಾಗಿ ಹೋದವು. ಹೊಸವೆರಡೂ ನಾಲ್ಕು ಮಾರು ಅಂತರ ಬಿಟ್ಟುಕೊಂಡು, ಕಡೆಯಲ್ಲಿ ಹೋದವು.